ಹಾಸಿಗೆ ಇದ್ದಷ್ಟು ಕಾಲು ಚಾಚು, ಎಸ್‌ಎಂಪಿಎಸ್ ಇದ್ದಷ್ಟು ಕಾರ್ಡ್ ಹಾಕು

ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ, ತುಂಬಾ ಸ್ಲೋ ಆಗಿದೆ, ಏನು ಮಾಡೋದು ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಎರಡೇ ಉತ್ತರ ಬರುತ್ತೆ. ಒಂದು, "ಗುಜರಿಗೆ ಹಾಕು ಮಗಾ, ಹೊಸ ಲ್ಯಾಪ್‌ಟಾಪ್ ತಗೋ." ಇನ್ನೊಂದು, "ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಒಂದು ಹಾಕು, ರಾಕೆಟ್ ಥರ ಓಡುತ್ತೆ." ಎರಡೂ ಬಣದವರು ಒಂದು ಪ್ರಶ್ನೆ ಮಾತ್ರ ಕೇಳಲ್ಲ: ಅದರ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದ್ದು?

ಎಸ್‌ಎಂಪಿಎಸ್ ಗೊತ್ತಲ್ಲ, ಗೋಡೆಯಿಂದ ಬರೋ 230 ವೋಲ್ಟ್ ಎಸಿಯನ್ನ 12, 5 ಮತ್ತು 3.3 ವೋಲ್ಟ್ ಡಿಸಿ ಮಾಡಿ ಕೊಡೋ ಆ ತಗಡಿನ ಡಬ್ಬ. ಅದಕ್ಕೆ ಆರ್‌ಜಿಬಿ ಲೈಟ್ ಇಲ್ಲ, ಅದರ ಬೆಂಚ್‌ಮಾರ್ಕ್ ಸ್ಕೋರ್ ಯಾರೂ ಸ್ಟೇಟಸ್ ಹಾಕಲ್ಲ. ಆದರೆ ಹಳೇ ಕಂಪ್ಯೂಟರನ್ನ ಎಲ್ಲಿವರೆಗೆ ಅಪ್‌ಗ್ರೇಡ್ ಮಾಡಬಹುದು ಅಂತ ನಿರ್ಧಾರ ಮಾಡೋದು ಅದೇ. ನಮ್ಮ ವಾದ ಇಷ್ಟೇ: ಆ ಡಬ್ಬದ ಮೇಲಿನ ಲೇಬಲ್ ಓದದೇ ಕಂಪ್ಯೂಟರ್ ಬಿಸಾಕೋದೂ ತಪ್ಪು, ಓದದೇ ಕಾರ್ಡ್ ತುರುಕೋದೂ ತಪ್ಪು. ಓದಿದರೆ, ನಮ್ಮಲ್ಲಿ ತುಂಬಾ ಜನಕ್ಕೆ ಹೊಸದನ್ನ ಕೊಳ್ಳೋ ಅಗತ್ಯವೇ ಇಲ್ಲ ಅನ್ನೋದು ಗೊತ್ತಾಗುತ್ತೆ.

ಇದು ಬರೀ ಗೇಮಿಂಗ್ ಹುಚ್ಚಿನ ವಿಷಯ ಅಲ್ಲ. ಫಸ್ಟ್ ಇಯರ್‌ಗೆ ಸೇರಿದ ಮೊದಲ ವಾರದಲ್ಲೇ "ಯಾವ ಲ್ಯಾಪ್‌ಟಾಪ್ ತಗೊಂಡೆ?" ಅನ್ನೋ ಪ್ರಶ್ನೆ ಶುರುವಾಗುತ್ತೆ. ಮನೆಯಲ್ಲಿ ಫೀಸ್ ಕಟ್ಟಿ, ಹಾಸ್ಟೆಲ್ ಕಟ್ಟಿ, ಆಮೇಲೆ ಇದಕ್ಕೂ ಸಾಲ ಮಾಡೋ ಅಪ್ಪ ಅಮ್ಮಂದಿರು ನಮ್ಮ ಕ್ಲಾಸಿನಲ್ಲೇ ಎಷ್ಟೋ ಜನಕ್ಕೆ ಇದ್ದಾರೆ. ಅದೇ ಮನೆಯ ಮೂಲೆಯಲ್ಲಿ ಅಣ್ಣನೋ ಅಕ್ಕನೋ ಬಳಸಿ ಬಿಟ್ಟ, ಇಲ್ಲ ಆಫೀಸಿನವರು ಮಾರಿದಾಗ ತಂದ ಒಂದು ಡೆಸ್ಕ್‌ಟಾಪ್ ಬಟ್ಟೆ ಹೊದ್ದು ಕೂತಿರುತ್ತೆ. ಅದನ್ನ ಹೇಳ್ಕೊಳ್ಳೋಕೆ ನಮಗೆ ನಾಚಿಕೆ. ಆ ನಾಚಿಕೆಯ ಬೆಲೆ ಇಎಂಐ ರೂಪದಲ್ಲಿ ಕಟ್ಟೋದು ಮನೆಯವರು.

ಲೇಬಲ್ ಓದೋದು ಹೇಗೆ?

ಎಸ್‌ಎಂಪಿಎಸ್ ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ 290 ವ್ಯಾಟ್, 450 ವ್ಯಾಟ್ ಅಂತ ಇರುತ್ತೆ. ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಒಂದು ಟೇಬಲ್ ಇರುತ್ತೆ: ಪ್ರತಿ ವೋಲ್ಟೇಜಿಗೆ ಎಷ್ಟು ಆಂಪ್ ಅಂತ. ನಮಗೆ ಬೇಕಾದ್ದು 12 ವೋಲ್ಟ್ ಸಾಲು. ಯಾಕಂದ್ರೆ ಇವತ್ತಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಕರೆಂಟಿನ ಬಹುಪಾಲು ತಗೊಳ್ಳೋದು ಆ 12 ವೋಲ್ಟ್ ಲೈನಿನಿಂದಲೇ.

ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಮೊದಲ ವಾರ ಕಲಿತ ಸೂತ್ರವೇ ಇಲ್ಲಿ ಬರೋದು: ವೋಲ್ಟ್ ಗುಣಿಸು ಆಂಪ್ ಅಂದ್ರೆ ವ್ಯಾಟ್. 12 ವೋಲ್ಟ್ ಲೈನಿನಲ್ಲಿ 20 ಆಂಪ್ ಇದ್ದರೆ 240 ವ್ಯಾಟ್. ಈಗ ಇನ್ನೊಂದು ಡಬ್ಬದ ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಇದೆ, 12 ವೋಲ್ಟ್ ಸಾಲಿನಲ್ಲಿ ಮಾತ್ರ 14 ಆಂಪ್ ಅಂತಿದೆ ಅಂದ್ಕೊಳ್ಳಿ. ಅಂದ್ರೆ ಕೆಲಸಕ್ಕೆ ಬರೋದು 168 ವ್ಯಾಟ್. ಉಳಿದದ್ದು 5 ಮತ್ತು 3.3 ವೋಲ್ಟ್ ಲೈನುಗಳಲ್ಲಿ ಹಂಚಿಹೋಗಿದೆ, ಇವತ್ತಿನ ಕಂಪ್ಯೂಟರಿಗೆ ಅಷ್ಟು ಬೇಡವೇ ಬೇಡ. ಹಾಗಾಗಿ ಮೇಲಿನ 450 ನೋಡಿ ಖುಷಿಪಟ್ಟವರಿಗಿಂತ 290 ವ್ಯಾಟಿನ ಒಳ್ಳೇ ಡಬ್ಬ ಇಟ್ಟುಕೊಂಡವರೇ ವಾಸಿ. ಎರಡು 12 ವೋಲ್ಟ್ ಸಾಲು ಇದ್ದರೆ ಎರಡನ್ನೂ ಕೂಡಿಸಿಬಿಡಬೇಡಿ. ಎರಡೂ ಸೇರಿ ಗರಿಷ್ಠ ಎಷ್ಟು ಅಂತ ಕೆಳಗೆ ಬೇರೆ ಬರೆದಿರುತ್ತಾರೆ, ಅದನ್ನೇ ನಂಬಬೇಕು.

ಇನ್ನೊಂದು ಗೊಂದಲ ಕ್ಯಾಂಟೀನ್ ಚರ್ಚೆಯಲ್ಲಿ ಯಾವಾಗಲೂ ಬರುತ್ತೆ: "300 ವ್ಯಾಟ್ ಎಸ್‌ಎಂಪಿಎಸ್ 80 ಪರ್ಸೆಂಟ್ ಎಫಿಶಿಯೆಂಟ್ ಆದ್ರೆ ನಮಗೆ ಸಿಗೋದು 240 ತಾನೇ?" ಅಲ್ಲ. ಲೇಬಲ್ಲಿನ ವ್ಯಾಟ್ ಔಟ್‌ಪುಟ್‌ನದ್ದು. ಒಳಗಿನ ಭಾಗಗಳಿಗೆ 300 ಪೂರ್ತಿ ಸಿಗುತ್ತೆ, ಗೋಡೆಯಿಂದ ಅದು 375 ಎಳೆಯುತ್ತೆ. ಉಳಿದ 75 ಬಿಸಿಯಾಗಿ ಹೋಗುತ್ತೆ, ಅದಕ್ಕೇ ಹಿಂದೆ ಫ್ಯಾನ್ ಇರೋದು.

ಒಂದು ಲೆಕ್ಕ ಮಾಡೋಣ

ಬರೀ ಮಾತು ಬೇಡ, ನಿಜವಾದ ಒಂದು ಮೆಷಿನ್ ತಗೊಳ್ಳೋಣ. ಡೆಲ್ ಆಪ್ಟಿಪ್ಲೆಕ್ಸ್ 3020 ಮಿನಿ ಟವರ್. ಆಫೀಸುಗಳಿಂದ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬರೋ ಥರದ್ದು, ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಓಡಾಡಿದವರಿಗೆ ಈ ಕಪ್ಪು ಡಬ್ಬಗಳ ಸಾಲು ಪರಿಚಯ ಇರುತ್ತೆ. ಒಳಗೆ ಇಂಟೆಲ್ ಐ5-4590, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 290 ವ್ಯಾಟ್ ಎಸ್‌ಎಂಪಿಎಸ್ ಇದೆ ಅಂತ ಇಟ್ಟುಕೊಳ್ಳಿ.

ಪ್ರೊಸೆಸರ್ 84 ವ್ಯಾಟಿನದ್ದು. ಮದರ್‌ಬೋರ್ಡ್ 12 ವೋಲ್ಟನ್ನ ಅದಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸೋವಾಗ ಆಗೋ ನಷ್ಟ ಸೇರಿಸಿ 100 ಅಂತ ಹಿಡಿಯೋಣ. ಬೋರ್ಡ್, ಫ್ಯಾನ್, ಯುಎಸ್‌ಬಿಗೆ ಚುಚ್ಚಿದ್ದೆಲ್ಲಾ ಸೇರಿ 30. ಎರಡು ರ್‍ಯಾಮ್ ಕಡ್ಡಿಗೆ 6. ಹಾರ್ಡ್ ಡಿಸ್ಕಿಗೆ 8. ಹೊಸದಾಗಿ ಹಾಕೋ ಎಸ್‌ಎಸ್‌ಡಿಗೆ 3. ಒಟ್ಟು 147 ವ್ಯಾಟ್. ಇದು ಎಲ್ಲವೂ ಒಟ್ಟಿಗೆ ಏದುಸಿರು ಬಿಟ್ಟು ಕೆಲಸ ಮಾಡೋ ಹೊತ್ತಿನ ಲೆಕ್ಕ, ಸುಮ್ಮನೆ ಪಿಡಿಎಫ್ ಓದೋವಾಗ ಇದರ ಅರ್ಧವೂ ಬೇಕಾಗಲ್ಲ.

ಇದಕ್ಕೆ 75 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ 222. ಇರೋ 290ರಲ್ಲಿ ಇನ್ನೂ 68 ಉಳೀತು. 12 ವೋಲ್ಟ್ ಲೈನನ್ನ ಮಾತ್ರ ನೋಡಿದರೆ ಪ್ರೊಸೆಸರ್ 100, ಕಾರ್ಡ್ 75, ಡಿಸ್ಕ್ ಮತ್ತು ಫ್ಯಾನಿಗೆ 10, ಅಂದ್ರೆ 185 ವ್ಯಾಟ್, ಹೆಚ್ಚೂಕಡಿಮೆ 15.4 ಆಂಪ್. ನಿಮ್ಮ ಲೇಬಲ್ಲಿನಲ್ಲಿ ಇದಕ್ಕಿಂತ ಆರಾಮಾಗಿ ಜಾಸ್ತಿ ಇದ್ದರೆ ಮುಂದುವರೀಬಹುದು. ಅದರ ಬದಲು ಆರ್‌ಟಿಎಕ್ಸ್ 3060 ಹಾಕಿದರೆ? ಆ ಕಾರ್ಡ್ ಒಂದೇ 170 ವ್ಯಾಟ್. 147ಕ್ಕೆ 170 ಸೇರಿಸಿದರೆ 317. ಲೆಕ್ಕ ಅಲ್ಲೇ ಮುಗೀತು, ಅಂಗಡಿಗೆ ಹೋಗೋ ಬಸ್ ಚಾರ್ಜ್ ಉಳೀತು.

ಲೋಡ್ ಶೆಡ್ಡಿಂಗ್ ಇರೋ ಊರಿನವರು ಇನ್ನೊಂದು ಸಾಲು ಸೇರಿಸಿ. ಮನೆಯಲ್ಲಿರೋ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವ್ಯಾಟ್ ಅಷ್ಟೇ, ವಿಎ ಬೇರೆ ವ್ಯಾಟ್ ಬೇರೆ ಅಂತ ಪವರ್ ಫ್ಯಾಕ್ಟರ್ ಚಾಪ್ಟರಿನಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಲ್ಲ. ನಮ್ಮ 222 ವ್ಯಾಟ್, ಎಸ್‌ಎಂಪಿಎಸ್ 85 ಪರ್ಸೆಂಟ್ ಎಫಿಶಿಯೆಂಟ್ ಅಂತ ಹಿಡಿದರೆ, ಗೋಡೆಯಲ್ಲಿ 261 ಆಗುತ್ತೆ. ಮಾನಿಟರಿಗೆ 25 ಸೇರಿಸಿದರೆ 286. ಯುಪಿಎಸ್ ತಡೆಯುತ್ತೆ.

ಮೊದಲು ವ್ಯಾಟ್ ಕೇಳದ ಅಪ್‌ಗ್ರೇಡ್ ಮಾಡಿ

ನಮ್ಮವರು ಅಪ್‌ಗ್ರೇಡ್ ಅಂದ ತಕ್ಷಣ ಗ್ರಾಫಿಕ್ಸ್ ಕಾರ್ಡಿಗೆ ಹೋಗ್ತಾರೆ. ಆದರೆ ಹಳೇ ಕಂಪ್ಯೂಟರ್ ತೆವಳೋದು ಬಹುತೇಕ ಹಾರ್ಡ್ ಡಿಸ್ಕ್‌ನಿಂದ. ತಿರುಗೋ ಡಿಸ್ಕ್ ಒಂದು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಬೇರೆ ಬೇರೆ ಜಾಗಕ್ಕೆ ಹೋಗಿ ಓದಬಲ್ಲದು. ಸಾದಾ ಸಾಟಾ ಎಸ್‌ಎಸ್‌ಡಿ ಕೂಡ ಹತ್ತಾರು ಸಾವಿರ ಸಲ ಓದುತ್ತೆ. ವಿಂಡೋಸ್ ಶುರುವಾಗೋವಾಗ, ಹತ್ತು ಟ್ಯಾಬ್ ತೆರೆಯೋವಾಗ, ಕೋಡ್ ಕಂಪೈಲ್ ಆಗೋವಾಗ ನಾವು ಕಾಯೋದು ಇದಕ್ಕೇ. ಮಜಾ ಅಂದ್ರೆ ಎಸ್‌ಎಸ್‌ಡಿ ತಿನ್ನೋದು ಹಾರ್ಡ್ ಡಿಸ್ಕಿಗಿಂತ ಕಮ್ಮಿ. ಹಾರ್ಡ್ ಡಿಸ್ಕ್ ತಿರುಗೋಕೆ ಶುರುಮಾಡೋ ಆ ಕ್ಷಣದಲ್ಲಿ 12 ವೋಲ್ಟ್ ಲೈನಿನಿಂದ 2 ಆಂಪ್‌ವರೆಗೂ ಎಳೆಯಬಹುದು, ಅದನ್ನ ತೆಗೆದು ಎಸ್‌ಎಸ್‌ಡಿ ಹಾಕಿದರೆ ಎಸ್‌ಎಂಪಿಎಸ್‌ಗೆ ಭಾರ ಇಳಿದಂಗೆ.

ಎರಡನೇದು ರ್‍ಯಾಮ್. 4 ಜಿಬಿಯಲ್ಲಿ ಬ್ರೌಸರ್ ಒಂದೇ ಕೂತುಬಿಡುತ್ತೆ. ಈ ಮಾದರಿಯ ಬೋರ್ಡಿಗೆ ಎರಡು ಸ್ಲಾಟ್, ಗರಿಷ್ಠ 16 ಜಿಬಿ. ಕಡ್ಡಿಗೆ 3 ವ್ಯಾಟ್ ಲೆಕ್ಕ. ಮೂರನೇದು ಪ್ರೊಸೆಸರ್. ಐ5-4590 ತೆಗೆದು ಅದೇ ಸಾಕೆಟ್ಟಿನ ಐ7-4770 ಹಾಕಿದರೆ ಕೋರ್ ನಾಲ್ಕೇ, ಥ್ರೆಡ್ ನಾಲ್ಕರಿಂದ ಎಂಟಾಗುತ್ತೆ. ಎರಡೂ 84 ವ್ಯಾಟಿನವೇ, ಎಸ್‌ಎಂಪಿಎಸ್‌ಗೆ ಬದಲಾಗಿದ್ದೇ ಗೊತ್ತಾಗಲ್ಲ. ಈ ಮೂರನ್ನ ಮಾಡಿ ಒಂದು ತಿಂಗಳು ಬಳಸಿ. ಆಮೇಲೂ ಗ್ರಾಫಿಕ್ಸ್ ಕಾರ್ಡ್ ಬೇಕು ಅನ್ನಿಸಿದರೆ ಆಗ ಮಾತಾಡೋಣ. ಪೈಥಾನ್, ಜಾವಾ, ಡಿಬಿಎಂಎಸ್ ಲ್ಯಾಬು, ಮೈಕ್ರೊಕಂಟ್ರೋಲರ್ ಕೋಡು, ಸಣ್ಣಪುಟ್ಟ ಕ್ಯಾಡ್ ಡ್ರಾಯಿಂಗ್, ಇವು ಯಾವುದಕ್ಕೂ ಅದು ಬೇಡ.

75 ವ್ಯಾಟಿನ ಗೆರೆ

ಬೇಕೇ ಬೇಕು ಅನ್ನೋರಿಗೆ ನಮ್ಮ ಸಲಹೆ: ಬೇರೆ ಪವರ್ ಕೇಬಲ್ ಕೇಳದ ಕಾರ್ಡ್ ಹುಡುಕಿ. ಪಿಸಿಐಇ ನಿಯಮದ ಪ್ರಕಾರ ಉದ್ದ ಸ್ಲಾಟ್ ಒಂದು ಗ್ರಾಫಿಕ್ಸ್ ಕಾರ್ಡಿಗೆ ಕೊಡೋದು ಗರಿಷ್ಠ 75 ವ್ಯಾಟ್. ಅಷ್ಟರೊಳಗೆ ಬದುಕೋ ಕಾರ್ಡುಗಳಿವೆ. 2016ರ ಜಿಟಿಎಕ್ಸ್ 1050 ಟಿಐ ಮತ್ತು 2019ರ ಜಿಟಿಎಕ್ಸ್ 1650 ಎರಡೂ 75 ವ್ಯಾಟ್. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್. ಬರೀ ಎರಡನೇ ಮಾನಿಟರ್, ವಿಡಿಯೋ ಸಾಕು ಅಂದ್ರೆ ಜಿಟಿ 1030, ಅದು 30 ವ್ಯಾಟ್ ಮಾತ್ರ.

ಇಲ್ಲಿ ಹೆಸರು ನೋಡಿ ಮೋಸ ಹೋಗೋ ಜಾಗ ಇದೆ. ಆರ್‌ಟಿಎಕ್ಸ್ 3050 ಅನ್ನೋ ಹೆಸರಿನಲ್ಲೇ 8 ಜಿಬಿ ಮಾದರಿ ಇದೆ, ಅದು 130 ವ್ಯಾಟ್, ಬೇರೆ ಕೇಬಲ್ ಬೇಕು. ಜಿಟಿಎಕ್ಸ್ 1650ರಲ್ಲೂ ಕೆಲವು ಕಂಪನಿಗಳ ಕಾರ್ಡಿಗೆ 6 ಪಿನ್ ಕನೆಕ್ಟರ್ ಇರುತ್ತೆ. ಆರ್‌ಎಕ್ಸ್ 6400 ಬರೀ 53 ವ್ಯಾಟ್ ಅಂತ ಖುಷಿಯಾಗುತ್ತೆ, ಆದರೆ ಅದು ಬಳಸೋದು ಪಿಸಿಐಇಯ ನಾಲ್ಕೇ ಲೇನ್. ಹೊಸ ಬೋರ್ಡಿನಲ್ಲಿ ಪರವಾಗಿಲ್ಲ, ಹಳೇ ಬೋರ್ಡಿನ ನಿಧಾನದ ಲೇನಿನಲ್ಲಿ ಒದ್ದಾಡುತ್ತೆ. ತೆಳ್ಳನೆಯ ಡಬ್ಬದವರು ಅರ್ಧ ಎತ್ತರದ ಕಾರ್ಡೇ ತಗೋಬೇಕು. ಜೊತೆಗೆ ಅಂಥ ಕೆಲವು ಆಫೀಸ್ ಮಾದರಿಗಳಲ್ಲಿ ಸ್ಲಾಟಿಗೆ 75ಕ್ಕಿಂತ ಕಮ್ಮಿ ಮಿತಿ ಇಟ್ಟಿರುತ್ತಾರೆ, ಸರ್ವಿಸ್ ಮ್ಯಾನುಯಲ್ ಒಂದ್ಸಲ ನೋಡಿ.

"70 ವ್ಯಾಟಿನ ಕಾರ್ಡಿನಲ್ಲಿ ಏನ್ ಗುರು ಮಾಡೋಕಾಗುತ್ತೆ?" ಅಂತ ಕೇಳೋರಿಗೆ ಒಂದು ವಿಷಯ. ಮಷೀನ್ ಲರ್ನಿಂಗ್ ಮಿನಿ ಪ್ರಾಜೆಕ್ಟಿಗೆ ನಾವೆಲ್ಲಾ ಗೂಗಲ್ ಕೋಲ್ಯಾಬ್‌ನಲ್ಲಿ ಪುಕ್ಕಟೆ ಬಳಸೋ ಟಿ4 ಕಾರ್ಡ್ ಇದೆಯಲ್ಲ, ಅದೂ 70 ವ್ಯಾಟಿನದ್ದೇ. ಡೇಟಾ ಸೆಂಟರಿನವರೂ ಪವರ್ ಮಿತಿಯೊಳಗೇ ಕಾರ್ಡ್ ಆರಿಸ್ತಾರೆ.

ಅಡ್ಡದಾರಿಗಳು

ಮಿತಿ ಗೊತ್ತಾದ ಮೇಲೂ ದಾಟೋಕೆ ಎರಡು ಅಡ್ಡದಾರಿ ಎಲ್ಲರೂ ಹೇಳಿಕೊಡ್ತಾರೆ. ಮೊದಲನೇದು ಸಾಟಾ ಪವರನ್ನ 6 ಪಿನ್‌ಗೆ ಬದಲಾಯಿಸೋ ಅಡಾಪ್ಟರ್. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಪಿನ್ನಿಗೆ 1.5 ಆಂಪ್. ಒಟ್ಟು 4.5 ಆಂಪ್, ಅಂದ್ರೆ 54 ವ್ಯಾಟ್. 6 ಪಿನ್ ಕಾರ್ಡ್ ಕೇಳಬಹುದಾದ್ದು 75. ಮಿಕ್ಕ 21 ವ್ಯಾಟ್ ಎಲ್ಲಿಂದ ಬರುತ್ತೆ? ಆ ಪುಟ್ಟ ಪಿನ್ನುಗಳು ಬಿಸಿಯಾಗಿ, ಪ್ಲಾಸ್ಟಿಕ್ ಕರಗೋದರಿಂದ ಬರುತ್ತೆ. ಅಡಾಪ್ಟರ್ ಮಾರೋರು ಇದನ್ನ ಪ್ಯಾಕೆಟ್ ಮೇಲೆ ಬರೆಯಲ್ಲ.

ಎರಡನೇದು ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್. ನಮ್ಮ ಗೆಳೆಯನೊಬ್ಬನ ಮನೆಯವರದ್ದು ತಾಲ್ಲೂಕು ಊರಿನಲ್ಲಿ ಚಿಕ್ಕ ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ಆಗಾಗ ಆಫ್ ಆಗ್ತಿತ್ತು ಅಂತ ರಿಪೇರಿಯವರು "500 ವ್ಯಾಟ್" ಅಂತ ಬರೆದಿದ್ದ ಹಗುರದ ಡಬ್ಬ ಹಾಕಿಕೊಟ್ಟರು. ಕೆಲವು ತಿಂಗಳಲ್ಲಿ ಅದು ಸುಟ್ಟಿತು, ಸುಡೋವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯ್ತು. ಬೋರ್ಡ್ ಹೋದರೆ ಇನ್ನೊಂದು ಸಿಗುತ್ತೆ. ಗಿರಾಕಿಗಳ ಬಾಕಿ ಲೆಕ್ಕ ಮತ್ತು ಅಕ್ಕನ ಮದುವೆ ಫೋಟೋ ಆ ಡಿಸ್ಕಿನಲ್ಲೇ ಇದ್ದವು. ಒಳ್ಳೇ ಎಸ್‌ಎಂಪಿಎಸ್‌ನಲ್ಲಿ ಕರೆಂಟ್ ಮಿತಿ ಮೀರಿದರೆ, ವೋಲ್ಟೇಜ್ ಏರಿದರೆ ತಾನೇ ಆಫ್ ಆಗೋ ರಕ್ಷಣೆ ಇರುತ್ತೆ. ಅಗ್ಗದ ಡಬ್ಬದಲ್ಲಿ ದುಡ್ಡು ಉಳಿಸೋದೇ ಅಂಥ ಕಡೆ.

ಹಾಗಾದ್ರೆ ಒಳ್ಳೇ ಕಂಪನಿಯ ದೊಡ್ಡ ಎಸ್‌ಎಂಪಿಎಸ್ ಹಾಕಬಾರದಾ? ಖಂಡಿತ ಹಾಕಬಹುದು, ಅಂಗಡಿಯಲ್ಲಿ ಜೋಡಿಸಿದ ಸಾಮಾನ್ಯ ಕಂಪ್ಯೂಟರ್ ಆದರೆ ಅದೇ ಸರಿಯಾದ ದಾರಿ. ಮುಂದೆ ಕಂಪ್ಯೂಟರ್ ಬದಲಾಯಿಸಿದರೂ ಡಬ್ಬ ಜೊತೆಗೆ ಬರುತ್ತೆ. ಆದರೆ ಕಂಪನಿ ಡೆಸ್ಕ್‌ಟಾಪುಗಳಲ್ಲಿ ತೊಡಕಿದೆ. ನಾವು ಲೆಕ್ಕ ಹಾಕಿದ ಆಪ್ಟಿಪ್ಲೆಕ್ಸ್ 3020ರ ಬೋರ್ಡಿಗೆ ಎಲ್ಲರೂ ಬಳಸೋ 24 ಪಿನ್ ಕನೆಕ್ಟರ್ ಇಲ್ಲ, ಅದರದ್ದೇ ಆದ 8 ಪಿನ್. ಬೇರೆ ಎಸ್‌ಎಂಪಿಎಸ್ ಹಾಕೋಕೆ ಅಡಾಪ್ಟರ್ ಕೇಬಲ್ ಬೇಕು. ದೊಡ್ಡ ಕಾರ್ಡು, ಅದಕ್ಕೆ ದೊಡ್ಡ ಎಸ್‌ಎಂಪಿಎಸ್, ಅದಕ್ಕೆ ಕೇಬಲ್, ಬಿಸಿ ಹೊರಹಾಕೋಕೆ ಇನ್ನೊಂದು ಫ್ಯಾನ್, ಇಷ್ಟಾದ ಮೇಲೂ ನಾಲ್ಕು ಥ್ರೆಡ್ಡಿನ ಪ್ರೊಸೆಸರ್ ಮುಂದೆ ಕಾರ್ಡ್ ಕೈಕಟ್ಟಿ ಕಾಯ್ತಾ ಕೂರುತ್ತೆ. ಅಷ್ಟು ಖರ್ಚು ಮಾಡೋ ಶಕ್ತಿ ಇರೋರು ಹೊಸದನ್ನೇ ತಗೊಳ್ಳಲಿ, ನಮ್ಮ ಜಗಳ ಇಲ್ಲ.

ಎದುರು ಮಾತುಗಳೂ ಇವೆ

ಹಾಸ್ಟೆಲ್ಲಿನಲ್ಲಿ ಇರೋರಿಗೆ, ದಿನಾ ಕ್ಲಾಸಿಗೆ ಹೊತ್ತೊಯ್ಯಬೇಕಾದವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು, ಒಪ್ತೀವಿ. ಡೆಸ್ಕ್‌ಟಾಪ್ ಹೆಗಲ ಮೇಲೆ ಹೊರೋಕಾಗಲ್ಲ. ಆದರೆ ಮನೆಯಿಂದಲೇ ಓಡಾಡೋರು, ಕಾಲೇಜಿನ ಲ್ಯಾಬ್ ಬಳಸೋರು ನಮ್ಮಲ್ಲಿ ಕಮ್ಮಿ ಇಲ್ಲ.

ಇನ್ನೊಂದು, ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಇದು ನಿಜವಾದ ತೊಂದರೆ, ಮುಚ್ಚಿಡೋದು ಬೇಡ. ಅದಕ್ಕೆ ನಮ್ಮ ಉತ್ತರ ಲಿನಕ್ಸ್. ನಮ್ಮ ಅರ್ಧ ಲ್ಯಾಬುಗಳು ಅದರಲ್ಲೇ ನಡೆಯುತ್ತೆ, ಕನ್ನಡ ಟೈಪಿಂಗ್ ಕೂಡ ಸಲೀಸು. ವಿಂಡೋಸ್‌ನಲ್ಲಿ ಮಾತ್ರ ಓಡೋ ಸಾಫ್ಟ್‌ವೇರ್ ನಿಮ್ಮ ಬ್ರಾಂಚಿಗೆ ಬೇಕಾದರೆ ಆ ಲೆಕ್ಕ ಬೇರೆ. ಗುಜರಿಗೆ ಹಾಕೋ ಮೊದಲು ಅದನ್ನಾದ್ರೂ ವಿಚಾರಿಸಿ.

ಹಳೇ ಎಸ್‌ಎಂಪಿಎಸ್ ಬಗ್ಗೆಯೂ ಒಂದು ಎಚ್ಚರಿಕೆ. ಒಳಗಿನ ಕೆಪಾಸಿಟರ್‌ಗಳು ಬಿಸಿಯಲ್ಲಿ ವರ್ಷಗಟ್ಟಲೆ ಬೆಂದು ಸೊರಗಿರುತ್ತವೆ. ಹತ್ತು ವರ್ಷ ಹಳೇ 290 ವ್ಯಾಟನ್ನ ಪೂರ್ತಿ 290 ಅಂತ ನಂಬದೆ ಮುಕ್ಕಾಲು ಪಾಲಿನ ಆಸುಪಾಸಿನಲ್ಲೇ ನಿಲ್ಲಿಸಿ. ನಮ್ಮ 222 ಅಲ್ಲೇ ಬಂದು ನಿಂತಿದೆ ನೋಡಿ. ಪೂರ್ತಿ ಲೋಡಿನಲ್ಲಿ 12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗೆ ಇಳಿದರೆ ಆ ಡಬ್ಬದ ಆಯಸ್ಸು ಮುಗೀತು ಅಂತ ಅರ್ಥ. ಡಬ್ಬವನ್ನ ಮಾತ್ರ ಬಿಚ್ಚಬೇಡಿ. 230 ವೋಲ್ಟ್ ಎಸಿ ಅಂದ್ರೆ ಪೀಕ್ 325 ವೋಲ್ಟ್, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು.

ನಮ್ಮ ಬೇಡಿಕೆ

ನಾವು ವೋಲ್ಟ್, ಆಂಪ್, ವ್ಯಾಟ್ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೀವಿ. ಆದರೆ ಮನೆಯ ಕಂಪ್ಯೂಟರಿನ ವಿಷಯ ಬಂದರೆ ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದನ್ನ ಕೇಳ್ತೀವಿ. ನಮ್ಮ ಅಮ್ಮಂದಿರು ತಿಂಗಳ ಸಂಬಳ ನೋಡಿ ರೇಷನ್, ಹಾಲು, ಫೀಸು ಅಂತ ಹಂಚೋ ಲೆಕ್ಕಕ್ಕೂ ಈ ಪವರ್ ಬಜೆಟ್ಟಿಗೂ ಏನೂ ವ್ಯತ್ಯಾಸ ಇಲ್ಲ. ಅವರು ಮೊದಲು ಕೈಯಲ್ಲಿ ಎಷ್ಟಿದೆ ನೋಡ್ತಾರೆ, ಆಮೇಲೆ ಏನು ಬೇಕು ಅಂತ ಬರೀತಾರೆ. ನಾವು ಉಲ್ಟಾ ಮಾಡ್ತೀವಿ.

ಕಾಲೇಜಿಗೂ ಒಂದು ಮಾತು. ಲ್ಯಾಬುಗಳಿಂದ ಹಳೇ ಡೆಸ್ಕ್‌ಟಾಪುಗಳನ್ನ ಕಂಡೆಮ್ ಮಾಡಿ ಸಾಗಹಾಕೋ ಮೊದಲು ಕೆಲವನ್ನ ನಮ್ಮ ಕೈಗೆ ಕೊಡಿ. ಸೆಮಿಸ್ಟರಿಗೆ ಒಂದು ಶನಿವಾರ ಸಾಕು: ಲೇಬಲ್ ಓದೋದು, ಲೆಕ್ಕ ಹಾಕೋದು, ಎಸ್‌ಎಸ್‌ಡಿ ಹಾಕೋದು, ಮಲ್ಟಿಮೀಟರಿನಲ್ಲಿ 12 ವೋಲ್ಟ್ ಅಳೆಯೋದು. ಸರಿಹೋದವು ಲೈಬ್ರರಿಗೋ ಹತ್ತಿರದ ಸರ್ಕಾರಿ ಶಾಲೆಗೋ ಹೋಗಲಿ. ಸರಿಹೋಗದವು ನಿಯಮದ ಪ್ರಕಾರ ಇ-ತ್ಯಾಜ್ಯ ಮರುಬಳಕೆಯವರಿಗೆ ಹೋಗಲಿ.

ಅಲ್ಲಿಯವರೆಗೆ ನಿಮ್ಮ ಪಾಲಿನ ಕೆಲಸ ಇದು. ಈ ಸಲ ಊರಿಗೆ ಹೋದಾಗ ಪ್ಲಗ್ ಕಿತ್ತು ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆಯಿರಿ, ಧೂಳು ಒರೆಸಿ, ಲೇಬಲ್ಲಿನ ಫೋಟೋ ತೆಗೆಯಿರಿ. ಒಂದು ಹಾಳೆಯಲ್ಲಿ 12 ವೋಲ್ಟ್ ಸಾಲಿನ ಆಂಪ್, ಪ್ರೊಸೆಸರಿನ ವ್ಯಾಟ್, ಖಾಲಿ ರ್‍ಯಾಮ್ ಸ್ಲಾಟ್ ಎಷ್ಟು, ಬೋರ್ಡಿನ ಪವರ್ ಕನೆಕ್ಟರ್ ಎಷ್ಟು ಪಿನ್ ಅಂತ ಬರೆದುಕೊಳ್ಳಿ. ಆ ಹಾಳೆ ಮನೆಯವರ ಮುಂದೆ ಇಟ್ಟು ಕೂತು ಮಾತಾಡಿ. ಹೊಸ ಲ್ಯಾಪ್‌ಟಾಪಿನ ಸಾಲದ ಅರ್ಜಿಗೆ ಸಹಿ ಹಾಕಿಸೋದು ಅದಾದ ಮೇಲೆ ಇರಲಿ.